ಶರದೃತುವಿನ ಕೆಲಸಗಳು : ಎರೆಭೂಮಿಯ ಹಿಂಗಾರಿಯನ್ನು ಕುರಿತು

ಶರತ್ಕಾಲವೆಂದರೆ ಕವಿಗಳಿಗೆ ಬೆಳುದಿಂಗಳ ಕಾಲ. ನಮ್ಮ ಬಯಲುಸೀಮೆಯ ರೈತನಿಗೆ ಬಿತ್ತಿಗೆಯ ಕಾಲ. ನಾವು ಶಾಲೆಯಲ್ಲಿ ಓದಿದ ಇಂಗ್ಲಿಷ್ ಪಾಠಗಳ ಶರತ್ಕಾಲದಲ್ಲಿ ಎಲೆಗಳು ಉದುರುತ್ತವೆ, ಸುಗ್ಗಿ ಮುಗಿಯುತ್ತದೆ, ತೋಟಗಾರನು ಚಳಿಗಾಲದ ವಿಶ್ರಾಂತಿಗೆ ಅಣಿಯಾಗುತ್ತಾನೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು ಜಿಲ್ಲೆಗಳ ಎರೆಭೂಮಿಯಲ್ಲಾದರೋ ವರ್ಷದ ಮುಖ್ಯ ಬೇಸಾಯವು ಆರಂಭವಾಗುವುದೇ ಈ ಋತುವಿನಲ್ಲಿ. ಭಾದ್ರಪದದ ಕೊನೆಯಿಂದ ಕಾರ್ತಿಕದವರೆಗಿನ ಕೆಲವು ವಾರಗಳಲ್ಲಿ ಮಾಡಿದ, ಮಾಡದೆ ಬಿಟ್ಟ ಕೆಲಸಗಳೇ ಮುಂದಿನ ವರ್ಷದ ರೊಟ್ಟಿಯನ್ನು ನಿರ್ಧರಿಸುತ್ತವೆ. ಆ ಕೆಲಸಗಳ ಕ್ರಮವನ್ನೂ ಅವುಗಳ ಹಿಂದಿನ ಕಾರಣವನ್ನೂ ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ. ಊರಲ್ಲಿ ನಾಲ್ಕೆಕರೆ ಹೊಲವಿದ್ದು, ನೌಕರಿಯ ನಿಮಿತ್ತ ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಬಿನ್ನಹ.

ನೆಲವೇ ಕೆರೆ

ವಿಜಯಪುರದ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ಅತಿ ಹೆಚ್ಚಿನ ಪಾಲು ಸುರಿಯುವುದು ಸೆಪ್ಟೆಂಬರ್ ತಿಂಗಳಲ್ಲಿ. ಬಿತ್ತಿದ ಮೇಲೆ ಹಿಂಗಾರಿ ಜೋಳಕ್ಕೆ ಒಂದೆರಡು ಮಳೆಯಾದರೆ ಪುಣ್ಯ. ಆಗದಿದ್ದರೂ ಬೆಳೆ ಬರುವುದುಂಟು. ಹೇಗೆಂದರೆ, ಎರೆಮಣ್ಣಿನಲ್ಲಿ ಜೇಡಿಯ ಅಂಶ ಅಧಿಕ. ಅದು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆಭೂಮಿಯು ಬೆಳೆಯ ಬೇರಿಗೆ ದಕ್ಕುವಂಥ ನೀರನ್ನು 150ರಿಂದ 200 ಮಿಲಿಮೀಟರಿನಷ್ಟು ಹಿಡಿದಿಡಬಲ್ಲದು. ಅಂದರೆ ಹಿಂಗಾರಿ ಬೆಳೆಯು ಮುಗಿಲಿನ ನೀರನ್ನಲ್ಲ, ನೆಲದ ನೀರನ್ನು ಕುಡಿದು ಬೆಳೆಯುತ್ತದೆ. ತುಂಬಿದ ಈ ಕೆರೆಗೆ ಮತ್ತೆ ನೀರು ಬರುವ ಭರವಸೆಯಿಲ್ಲ. ಆದ್ದರಿಂದ ಇದ್ದ ನೀರನ್ನು ಅರಿತು ವೆಚ್ಚಮಾಡುವುದೇ ಶರದೃತುವಿನ ಸಕಲ ಕೆಲಸಗಳ ಮರ್ಮ.

1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆಗಳು ನಡೆದವು. ಒಡ್ಡು ಹಾಕುವುದು, ಪದೇ ಪದೇ ಹರಗುವುದು, ಬೀಜ ಕಡಿಮೆ ಬಳಸಿ ಸಾಲುಗಳನ್ನು ಅಗಲವಾಗಿ ಬಿಡುವುದು, ಎಡೆ ಹೊಡೆಯುವುದು ಇವೇ ಆಗ ಹೊರಬಂದ ಪದ್ಧತಿಯ ಮುಖ್ಯ ಅಂಶಗಳು. ನಮ್ಮ ಹಿರಿಯರು ಅನುಭವದಿಂದ ಬಲ್ಲ ಅನೇಕ ಸಂಗತಿಗಳಿಗೆ ಆ ಪ್ರಯೋಗಗಳು ಲೆಕ್ಕವನ್ನು ಒದಗಿಸಿದವು.

ಬಿತ್ತಿಗೆಯ ಮುಂಚೆ

ಮಳೆನೀರು ಹರಿದುಹೋಗದೆ ಇಂಗಬೇಕಾದರೆ ಆಷಾಢ ಶ್ರಾವಣಗಳಲ್ಲಿಯೇ ಹೊಲದಲ್ಲಿ ಚೌಕು ಮಡಿಗಳನ್ನು ಮಾಡಿರಬೇಕು. ಒಡ್ಡು ಒಡೆದಲ್ಲಿ ಕೂಡಲೇ ಕಟ್ಟಬೇಕು. ಮಳೆ ಬಿಡುವು ಕೊಟ್ಟಾಗಲೆಲ್ಲ ಕುಂಟೆಯಿಂದ ಹರಗಬೇಕು. ಕಳೆ ಎಂಬುದು ಕೆರೆಗೆ ಬಿದ್ದ ತೂತು. ಬಿತ್ತುವ ಮೊದಲೇ ಅದು ನೀರನ್ನು ಹೀರಿಬಿಡುತ್ತದೆ. ಕಿತ್ತ ಕಳೆಯನ್ನು ಬೀಜ ಕಟ್ಟುವ ಮುನ್ನ ತಿಪ್ಪೆಗೆ ಹಾಕಿದರೆ ಅದೇ ಗೊಬ್ಬರವಾಗುತ್ತದೆ. ಬೀಜ ಕಟ್ಟಿದ ಮೇಲೆ ಹಾಕಿದರೆ ಮರುವರ್ಷ ಹೊಲದ ತುಂಬ ಕಳೆಯಾಗುತ್ತದೆ.

ಮುಂಗಾರಿ ಹೆಸರು ಬೆಳೆದವರು ಅದನ್ನು ಒಕ್ಕಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೂದಿಯನ್ನೋ ಒಣಗಿದ ಬೇವಿನ ಎಲೆಯನ್ನೋ ಬೆರೆಸಿ ತುಂಬಿಡುವುದು ಇದೇ ಸಮಯದಲ್ಲಿ. ಅದರ ಹೊಟ್ಟು ದನಗಳಿಗೆ ಉತ್ತಮ ಮೇವು. ಮಳೆಗೆ ಸಿಕ್ಕು ಕೊಳೆಯದಂತೆ ಮುಚ್ಚಿಡಬೇಕು.

ಬಿತ್ತಿಗೆ

ಹಿಂಗಾರಿ ಜೋಳದ ಬಿತ್ತಿಗೆಗೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲ ಪ್ರಶಸ್ತವಾದುದು. ನಮ್ಮ ಲೆಕ್ಕದಲ್ಲಿ ಉತ್ತರಿ ಮತ್ತು ಹಸ್ತ ಮಳೆಗಳ ಕಾಲ. ಚಿತ್ತಿ ಬಂತೆಂದರೆ ಕೂರಿಗೆ ಹೊಲದಿಂದ ಹೊರಬರುವ ಹೊತ್ತಾಯಿತು. ಎಕರೆಗೆ 3 ಕಿಲೋ ಜೋಳದ ಬೀಜ ಸಾಕು. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಇದ್ದರೆ ಎಕರೆಗೆ ಸುಮಾರು 60,000 ಗಿಡಗಳಾಗುತ್ತವೆ. ಇದಕ್ಕಿಂತ ಹೆಚ್ಚಿನ ಗಿಡಗಳಿಗೆ ನೆಲದಲ್ಲಿ ನೀರಿಲ್ಲ. ದಟ್ಟವಾಗಿ ಹುಟ್ಟಿದ ಪೈರು ಮಾರ್ಗಶಿರದಲ್ಲಿ ಕಣ್ಣಿಗೆ ಹಬ್ಬವಾಗಿ ಕಂಡರೂ ಪುಷ್ಯದಲ್ಲಿ ತೆನೆ ಹಾಯಲಾರದೆ ಒಣಗುತ್ತದೆ. ಕಾಡಿಗೆ ರೋಗ ಬಾರದಂತೆ ಕಿಲೋ ಬೀಜಕ್ಕೆ 3ರಿಂದ 4 ಗ್ರಾಂ ಗಂಧಕದ ಪುಡಿಯನ್ನು ಲೇಪಿಸುವುದು ಹಳೆಯದಾದರೂ ಫಲಕಾರಿಯಾದ ಉಪಾಯ. ಬೀಜವು ಹಸಿಮಣ್ಣಿಗೆ ತಾಗುವಂತೆ ಐದು ಸೆಂಟಿಮೀಟರ್ ಅಥವಾ ತುಸು ಹೆಚ್ಚು ಆಳಕ್ಕೆ ಬೀಳಬೇಕು.

ಮಾಲದಂಡಿ ಜೋಳದಿಂದ ಆಯ್ದ ಎಂ 35-1 ತಳಿಯನ್ನು ಬಲ್ಲದ ರೈತನಿಲ್ಲ. ಸುಮಾರು ನಾಲ್ಕು ತಿಂಗಳಲ್ಲಿ ಅದು ರೊಟ್ಟಿಗೆ ಬಿಳಿಯ ಕಾಳನ್ನೂ ದನಕ್ಕೆ ಸಿಹಿಯಾದ ಕಣಿಕೆಯನ್ನೂ ಕೊಡುತ್ತದೆ. ಕಡಲೆಯಲ್ಲಿ 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ತಳಿಯು ಧಾರವಾಡ ಜಿಲ್ಲೆಯ ಊರಿನ ಹೆಸರನ್ನು ದೂರದವರೆಗೆ ಒಯ್ದಿದೆ. ಹೊಲದ ಅಂಚಿಗೆ ನಾಲ್ಕಾರು ಸಾಲು ಕುಸುಬೆ ಬಿತ್ತುವುದನ್ನು ಮರೆಯಬಾರದು. ಅದರ ಮುಳ್ಳು ದನಗಳಿಗೆ ಬೇಲಿ, ಕಾಳು ಮನೆಗೆ ಎಣ್ಣೆ, ಎಳೆಯ ಎಲೆ ಪಲ್ಯ.

ಒಂದು ಸ್ವಾನುಭವ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ತಂದೆಯವರು ತೀರಿಕೊಂಡ ವರ್ಷ ಹೊಲದ ಭಾರ ನನ್ನ ಮೇಲೆ ಬಿದ್ದಿತು. ನಾನಾಗ ಪರಊರಿನಲ್ಲಿ ನೌಕರಿಯಲ್ಲಿದ್ದೆ. ಹಸ್ತ ಮಳೆ ಚೆನ್ನಾಗಿ ಆಯಿತು. “ತಮ್ಮಾ, ನೆಲ ಹಸಿ ಐತಿ, ಲಗೂನ ಕೂರಿಗಿ ಹೂಡಸು” ಎಂದು ನೆರೆಹೊಲದ ಕಾಕಾ ಹೇಳಿಕಳುಹಿಸಿದರು. ದೀಪಾವಳಿಯ ರಜೆಗೆ ಬಂದು, ಎದುರಿಗೆ ನಿಂತು ಬಿತ್ತಿಸುವೆನೆಂದು ನಾನು ಉತ್ತರ ಬರೆದೆ. ನಾನು ಬರುವಷ್ಟರಲ್ಲಿ ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿತ್ತು. ಬೀಜ ಅರ್ಧಕ್ಕರ್ಧ ಹುಟ್ಟಲಿಲ್ಲ. ಹುಟ್ಟಿದ್ದು ತೆನೆ ಹಾಯುವ ಹೊತ್ತಿಗೆ ನೆಲ ಬಾಯಿಬಿಟ್ಟಿತ್ತು. ಬದುವಿನ ಆಚೆ ಕಾಕಾ ಅವರ ಹೊಲದಲ್ಲಿ ತೆನೆಗಳು ತೂಗುತ್ತಿದ್ದವು. ಈಚೆ ನಮಗೆ ದೊರೆತದ್ದು ಮೊಳಕಾಲೆತ್ತರದ ಕಣಿಕೆ ಮಾತ್ರ. ಎರಡೂ ಹೊಲಗಳಿಗೆ ಬಿದ್ದದ್ದು ಒಂದೇ ಮಳೆ, ಇದ್ದದ್ದು ಒಂದೇ ಮಣ್ಣು. ಆ ವರ್ಷ ನಮ್ಮ ತಾಯಿಯವರು ಮೊದಲ ಸಲ ಸಂತೆಯಿಂದ ಜೋಳ ಕೊಂಡು ತಂದರು. ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ದಿನ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಬಿತ್ತಿದ ಮೇಲೆ

ಮೊಳಕೆಯೊಡೆದ ಎರಡು ಮೂರು ವಾರಗಳಲ್ಲಿ ಹೆಚ್ಚಾದ ಸಸಿಗಳನ್ನು ಕಿತ್ತು ತೆಗೆಯಬೇಕು. ಸುಳಿ ನೊಣದ ಮರಿಹುಳು ಎಳೆಯ ಗಿಡದ ಸುಳಿಯನ್ನು ತಿಂದು ಒಣಗಿಸುತ್ತದೆ. ಅಂಥ ಗಿಡಗಳನ್ನು ಮೊದಲು ಕೀಳತಕ್ಕದ್ದು. ಬಳಿಕ ಮೂರನೆಯ, ಐದನೆಯ ಮತ್ತು ಎಂಟನೆಯ ವಾರಗಳಲ್ಲಿ ಎಡೆ ಹೊಡೆಯಬೇಕು. ಕಳೆಯಿಲ್ಲದ ಹೊಲದಲ್ಲಿ ಎಡೆಕುಂಟೆ ಏಕೆಂದು ಕೆಲವರು ಕೇಳುವುದುಂಟು. ಎಡೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ. ಎರೆಭೂಮಿಯ ಬಿರುಕುಗಳ ಮೂಲಕ ಆಳದ ತೇವವೂ ಆವಿಯಾಗಿ ಹೋಗುತ್ತದೆ. ಕುಂಟೆಯ ಬಾಯಿಂದ ಸಡಿಲಗೊಂಡ ಪುಡಿಮಣ್ಣು ಆ ಬಿರುಕುಗಳನ್ನು ಮುಚ್ಚಿ ನೆಲಕ್ಕೆ ಹೊದಿಕೆಯಾಗುತ್ತದೆ.

ಕಡಲೆಗೆ ಒಂದು ತಿಂಗಳು ತುಂಬಿದಾಗ ಕುಡಿ ಚಿವುಟಬೇಕು. ಗಿಡ ಅಗಲವಾಗಿ ಟಿಸಿಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಚಿವುಟಿದ ಕುಡಿ ಅಂದಿನ ಪಲ್ಯಕ್ಕಾಯಿತು, ಉಳಿದದ್ದನ್ನು ಒಣಗಿಸಿಟ್ಟರೆ ಬೇಸಿಗೆಗಾಯಿತು. ಬೆಳಗಿನ ಇಬ್ಬನಿಯಲ್ಲಿ ಕಡಲೆಯ ಗಿಡಗಳ ಮೇಲೆ ಬಿಳಿಯ ಬಟ್ಟೆ ಹಾಸಿ, ಅದನ್ನು ಹಿಂಡಿ ಹುಳಿ ಸಂಗ್ರಹಿಸುತ್ತಿದ್ದ ಅಜ್ಜಿಯರನ್ನು ಅನೇಕ ವಾಚಕರು ಕಂಡಿರಬಹುದು.

ಹಿತ್ತಲು

ಹೊಲವಿಲ್ಲದವರಿಗೂ ಹಿತ್ತಲಿನಲ್ಲಿ ಕೆಲಸವುಂಟು. ಮೆಂತೆ, ಕೊತ್ತಂಬರಿ, ಮೂಲಂಗಿ, ಗಜ್ಜರಿಗಳಿಗೆ ಇದು ಹೇಳಿ ಮಾಡಿಸಿದ ಕಾಲ. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಸಂಕ್ರಾಂತಿಯವರೆಗೆ ಮನೆಗೆ ಎಳೆಯ ಸೊಪ್ಪು ತಪ್ಪುವುದಿಲ್ಲ. ಉಳ್ಳಾಗಡ್ಡಿಯ ಬೀಜವನ್ನು ಈಗ ಮಡಿಗೆ ಚೆಲ್ಲಿದರೆ ಆರೇಳು ವಾರಗಳಲ್ಲಿ ಸಸಿ ನಾಟಲು ಸಿದ್ಧವಾಗುತ್ತದೆ. ಫಲ ಕೊಡುವ ಮಾವಿನ ಗಿಡಕ್ಕೆ ಮಾತ್ರ ಕಾರ್ತಿಕದಿಂದ ನೀರು ನಿಲ್ಲಿಸಬೇಕು. ಕಾಯಿ ಬಟಾಣಿಯ ಗಾತ್ರವಾದ ಮೇಲೆ ಪುನಃ ಹಾಯಿಸಬಹುದು. ನಡುವೆ ನೀರುಣಿಸಿದ ಗಿಡ ಹೂವನ್ನು ಬಿಟ್ಟು ಚಿಗುರನ್ನು ಕೊಡುತ್ತದೆ.

ಹಬ್ಬವೂ ಕೆಲಸವೇ

ಆಶ್ವಯುಜ ಮಾಸದ ಸೀಗೆ ಹುಣ್ಣಿಮೆಯಂದು ಮನೆಮಂದಿಯೆಲ್ಲ ಬಂಡಿ ಹೂಡಿ ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ, ಅಡುಗೆಯ ಚರಗವನ್ನು ಹೊಲದ ಸುತ್ತ ಚೆಲ್ಲುವ ಸಂಪ್ರದಾಯ ಎಲ್ಲರಿಗೂ ತಿಳಿದದ್ದೇ. ಚರಗ ಚೆಲ್ಲುವವನು ಹೊಲದ ನಾಲ್ಕೂ ಬದುಗಳ ಮೇಲೆ ನಡೆಯಲೇಬೇಕು. ನಡೆದವನ ಕಣ್ಣಿಗೆ ಒಡೆದ ಒಡ್ಡು, ಹುಟ್ಟದ ಸಾಲು, ಒಣಗಿದ ಸುಳಿ ಬೀಳದೆ ಇರುವುದಿಲ್ಲ. ಹಿರಿಯರು ಪೂಜೆಯನ್ನೂ ಹೊಲದ ತಪಾಸಣೆಯನ್ನೂ ಒಂದೇ ನಡಿಗೆಯಲ್ಲಿ ಹೊಂದಿಸಿದ್ದರು.

ಇತ್ತೀಚಿನ ವರ್ಷಗಳಲ್ಲಿ ಮಳೆಯ ನಡೆ ಬದಲಾಗುತ್ತಿರುವುದು ನಿಜ. 2020ರ ಅಕ್ಟೋಬರಿನಲ್ಲಿ ಭಾರಿ ಮಳೆ ಸುರಿದು ಭೀಮೆ ಉಕ್ಕಿ ಹರಿದಾಗ ಬಿತ್ತಿದ ಹೊಲಗಳೂ ನೀರಪಾಲಾದವು. ಆದುದರಿಂದ ಪಂಚಾಂಗದ ದಿನವೊಂದನ್ನೇ ನಂಬುವುದು ಸಾಲದು. ನೆಲವನ್ನು ಕೈಯಿಂದ ಮುಟ್ಟಿ ನೋಡಬೇಕು. ಗೇಣುದ್ದ ಅಗೆದು ತೆಗೆದ ಮಣ್ಣು ಹಿಡಿಯಲ್ಲಿ ಉಂಡೆಯಾಗಿ, ಬೆರಳಿಗೆ ಅಂಟದೆ, ಕೆಳಗೆ ಬಿಟ್ಟರೆ ಒಡೆಯುವಂತಿದ್ದರೆ ಅದೇ ಬಿತ್ತಿಗೆಯ ಹದ. ಈ ಪರೀಕ್ಷೆಯನ್ನು ಶಾಲೆಯ ಅಂಗಳದಲ್ಲಿಯೇ ಮಕ್ಕಳಿಗೆ ಕಲಿಸಬಹುದು. ಶಿಕ್ಷಕ ಬಂಧುಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಪರಸ್ಥಳದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕಡೆಯದಾಗಿ ಒಂದು ಮಾತು. ಹೊಲವನ್ನು ಲಾವಣಿಗೆ ಕೊಟ್ಟಿರಲಿ, ತಾವೇ ಮಾಡಿಸುತ್ತಿರಲಿ, ರಜೆ ದೊರೆತಾಗ ಹೋಗುವುದಲ್ಲ, ಹಸ್ತ ಮಳೆಗೆ ರಜೆ ಪಡೆದು ಹೋಗಿರಿ. ಹೋಗಲಾಗದಿದ್ದರೆ ಊರಿನಲ್ಲಿರುವವರ ಮಾತನ್ನು ಕೇಳಿರಿ. ನೆಲವು ನಮ್ಮ ಬಿಡುವಿಗಾಗಿ ಕಾಯುವುದಿಲ್ಲ.