ಪಾವಗಡ: ಸೋಸಿದ ಫ್ಲೋರೈಡ್ ಹೋಗುವುದೆಲ್ಲಿಗೆ?

ತುಮಕೂರು ಜಿಲ್ಲೆಗೆ ಸೇರಿದ್ದರೂ ಪಾವಗಡ ತಾಲ್ಲೂಕಿನ ಸುತ್ತ ಹೆಚ್ಚೂಕಡಿಮೆ ಆಂಧ್ರವೇ ಇದೆ. ಬಂಡೆಗುಡ್ಡದ ಕೋಟೆ, ಶೇಂಗಾ ಹೊಲ, ಶನಿಮಹಾತ್ಮನ ಗುಡಿ, ತಿರುಮಣಿ ಕಡೆಯ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್: ಹೊರಗಿನವರು ಬಲ್ಲ ಪಾವಗಡ ಇಷ್ಟೇ. ಊರಿನವರಿಗೆ ಇನ್ನೊಂದೂ ಗೊತ್ತು. ಕಂದುಗಟ್ಟಿದ ಹಲ್ಲು, ನಡುವಯಸ್ಸಿಗೇ ಮಡಿಸಲಾಗದ ಮೊಣಕಾಲು. ಉತ್ತರ ಪಿನಾಕಿನಿ ವರ್ಷದ ಬಹುಪಾಲು ಮರಳಾಗಿಯೇ ಇರುವ ಈ ಸೀಮೆ ಬದುಕಿರುವುದು ಕೊಳವೆಬಾವಿಯಿಂದ. ಅದರ ನೀರಿಗೆ ವಿಷ ಬೆರೆಸಿದ ಕಾರ್ಖಾನೆ ಯಾವುದೂ ಇಲ್ಲ, ದೂರಲು ಬಂಡೆಯೊಂದೇ ಇರುವುದು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಲ್ಲಿ ಅಡಗಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕುತ್ತದೆ. ಆದರೆ ಬಹುಕಾಲ ಬಂಡೆಯ ಸಂದಿಯಲ್ಲಿ ನಿಂತ ಕ್ಷಾರದ ನೀರಿನಲ್ಲಿ ಸೋಡಿಯಂ ಏರಿ ಕ್ಯಾಲ್ಸಿಯಂ ತಗ್ಗಿರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ವಿನಾಯಿತಿ.

ಇದಕ್ಕೆ ಸರ್ಕಾರ ಕೊಟ್ಟ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿ ಕ್ಯಾನ್ ಹಿಡಿದರೆ 20 ಲೀಟರ್ ತುಂಬುತ್ತದೆ. ಬೋರ್ ನೀರಿಗಿಂತ ಇದು ಎಷ್ಟೋ ಮೇಲು ಎಂಬುದರಲ್ಲಿ ತಕರಾರಿಲ್ಲ. ಆದರೆ ಘಟಕದೊಳಗೆ ನೀರು ಸೋಸುವ ಆರ್‌ಒ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೂರು ಲೀಟರ್ ಒಳಗೆ ಹೋಗಿ ಐವತ್ತು ಶುದ್ಧವಾಗಿ ಬಂದರೆ, ಉಳಿದ ಐವತ್ತರಲ್ಲಿ ಫ್ಲೋರೈಡ್ ಹತ್ತಿರ ಹತ್ತಿರ 6 ಮಿಲಿಗ್ರಾಂಗೆ ಏರಿರುತ್ತದೆ. ಆ ನೀರು ಘಟಕದ ಹಿಂದಿನ ಪೈಪಿನಿಂದ ಚರಂಡಿಗೆ ಬಿದ್ದರೆ, ಇಂಗುತ್ತಾ ಅದೇ ನೆಲಕ್ಕೆ ಮರಳುತ್ತದೆ. ಆಲಂ, ಸುಣ್ಣ ಬಳಸುವ ನಲಗೊಂಡ ವಿಧಾನದ ಕೆಸರಿಗೂ ಇದೇ ಪಾಡು.

ಅದಕ್ಕಿಂತ ದೊಡ್ಡ ತೂತು ಅಡುಗೆಮನೆಯಲ್ಲಿದೆ. ಕ್ಯಾನ್ ನೀರು ಕುಡಿಯುವುದಕ್ಕೆ ಮೀಸಲಾದ ಮನೆಯಲ್ಲಿ ಮುದ್ದೆಯ ಎಸರಿಗೆ, ಸಾರಿಗೆ, ಅನ್ನಕ್ಕೆ ಬೋರ್ ನೀರೇ ಗತಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಮಾತ್ರ ಆವಿಯಾಗದೆ ಪಾತ್ರೆಯಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಫ್ಲೋರೈಡ್ ಮೈಗೂಡುವುದನ್ನು ತಡೆಯಬೇಕಾದ ವಸ್ತು ರಾಗಿಯ ಕ್ಯಾಲ್ಸಿಯಂ, ಅದನ್ನೇ ಆ ನೀರಿನಲ್ಲಿ ಬೇಯಿಸುವುದು ಎಂಥ ವಿಪರ್ಯಾಸ! ಅಡುಗೆಗೂ ಕ್ಯಾನ್ ನೀರನ್ನೇ ಬಳಸಿ ಎಂದು ಉಪದೇಶಿಸುವುದು ಸುಲಭ. ಐದು ಜನರ ಮನೆಗೆ ಕುಡಿಯಲು, ಬೇಯಿಸಲು ತಲೆಗೆ ಎಂಟು ಲೀಟರ್ ಎಂದರೂ ದಿನಕ್ಕೆ ಎರಡು ಕ್ಯಾನ್ ಬೇಕು. ಅವನ್ನು ಹೊರುವವರು ಸಾಮಾನ್ಯವಾಗಿ ಮನೆಯ ಹೆಂಗಸರು.

ಹಾಗಾಗಿ ಫ್ಲೋರೈಡೇ ಇಲ್ಲದ ನೀರನ್ನು ಮೊದಲು ಹಿಡಿಯಬೇಕು, ತೆಗೆಯುವ ಯಂತ್ರ ಆಮೇಲೆ. ಬರದ ತಾಲ್ಲೂಕಿನಲ್ಲಿ ಮಳೆಕೊಯ್ಲೇ ಎಂದು ನಗುವವರಿದ್ದಾರೆ. ಲೆಕ್ಕ ಹಾಕೋಣ. ಮಳೆ ವರ್ಷಕ್ಕೆ 500 ಮಿಲಿಮೀಟರ್, ಚಾವಣಿ 30 ಚದರ ಮೀಟರ್, ಐದರಲ್ಲೊಂದು ಪಾಲು ಸೋರಿಹೋಯಿತು ಎಂದುಕೊಂಡರೂ 12,000 ಲೀಟರ್ ಸಿಗುತ್ತದೆ. ದಿನಕ್ಕೆ 40 ಲೀಟರ್ ಬಳಸಿದರೆ ಮುನ್ನೂರು ದಿನಕ್ಕಾಯಿತು. ಸ್ನಾನ, ಬಟ್ಟೆ, ದನಕರುಗಳಿಗೆ ಬೋರ್ ನೀರೇ ಇರಲಿ. ಮಳೆ ಕೈಕೊಟ್ಟ ವರ್ಷ ಈ ಲೆಕ್ಕ ಅರ್ಧಕ್ಕೆ ಬೀಳುತ್ತದೆ, ನಿಜ. ಘಟಕಗಳನ್ನು ಮುಚ್ಚಬಾರದು ಎನ್ನಲು ಅದೇ ಕಾರಣ ಸಾಕು. ಮಳೆನೀರು ತುಂಬಿಡುವ ಸಂಪು ಕಟ್ಟಲು ದುಡ್ಡೆಲ್ಲಿ ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ಬಡವರ ಮನೆಗೆ ಅದನ್ನು ಸರ್ಕಾರವೇ ಕಟ್ಟಿಸಿಕೊಡಬೇಕು.

ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಬಹುಗ್ರಾಮ ಯೋಜನೆಯಿರುವಾಗ ಸಂಪು ಯಾಕೆ ಎನ್ನುವವರೂ ಉಂಟು. ನದಿ ನೀರು ಬರಲಿ, ಅಡುಗೆಮನೆಯ ತೂತನ್ನು ಮುಚ್ಚಬಲ್ಲದ್ದು ಅದೇ. ಆದರೆ ಆ ಜಲಾಶಯ ಹೂಳು ತುಂಬಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ, 2024ರ ಆಗಸ್ಟ್‌ನಲ್ಲಿ ಅದರ 19ನೇ ಗೇಟೇ ಕೊಚ್ಚಿಹೋಯಿತು. ಅಷ್ಟು ದೂರದ ಪೈಪು ಒಂದು ವಾರ ನಿಂತರೂ ಜನ ಬೋರ್‌ಗೇ ತಿರುಗುತ್ತಾರೆ. ಆ ವಾರಕ್ಕೆ ಬೇಕಾದ ಮುನ್ನೂರು ಲೀಟರ್ ಮಳೆನೀರು ಮನೆಯ ಸಂಪಿನಲ್ಲಿ ಇರಬೇಕು.