ಹತ್ತಡಿ ರೂಮಿನಲ್ಲೊಂದು ಮೆಟಲ್ ಆಲ್ಬಮ್

ಬ್ಯಾಂಡ್‌ನಲ್ಲಿ ನಾಲ್ಕು ಜನ ಇದ್ದರೆ ಮಿಕ್ಸಿಂಗ್ ಹೊತ್ತಿಗೆ ಜಗಳ ಗ್ಯಾರಂಟಿ. ಗಿಟಾರಿನವನಿಗೆ ಗಿಟಾರ್ ಕೇಳಿಸಲ್ಲ, ಡ್ರಮ್ಮರ್‌ಗೆ ಕಿಕ್ ಸಾಲದು, ಹಾಡೋನಿಗೆ ತನ್ನ ದನಿ ಬಾವಿಯೊಳಗಿಂದ ಬಂದ ಹಾಗಿದೆ. ಒಬ್ಬನೇ ಎಲ್ಲ ನುಡಿಸಿ, ಹಾಡಿ, ರೆಕಾರ್ಡ್ ಮಾಡಿದರೆ ಈ ರಗಳೆ ಇರಲ್ಲ ಅಂದ್ಕೋತೀರಾ? ಇರುತ್ತೆ. ನಾಲ್ಕು ಜನರ ಜಗಳವನ್ನು ಒಬ್ಬನೇ ಆಡಬೇಕು, ಅಷ್ಟೇ.

ಒಂದೂವರೆ ವರ್ಷದಿಂದ ನಾನು ಇದೇ ಕೆಲಸದಲ್ಲಿದ್ದೇನೆ. ಹಗಲು ಕೋಡ್, ರಾತ್ರಿ ಗಿಟಾರ್. ಆರು ಹಾಡು, 34 ನಿಮಿಷ, ಎಲ್ಲವೂ ಕನ್ನಡದಲ್ಲಿ. ಸ್ಟುಡಿಯೊ ಅಂದ್ರೆ ಬೆಂಗಳೂರಿನ ಬಾಡಿಗೆ ಮನೆಯ ಹತ್ತಡಿ ಉದ್ದದ ರೂಮು. ಕಾಲೇಜಿನಲ್ಲಿ ಜೊತೆಗೆ ನುಡಿಸುತ್ತಿದ್ದ ಗೆಳೆಯರಲ್ಲಿ ಇಬ್ಬರು ಹೊರದೇಶದಲ್ಲಿದ್ದಾರೆ, ಇನ್ನೊಬ್ಬನ ಮನೆಯಲ್ಲಿ ಆರು ತಿಂಗಳ ಮಗು. ಎಲ್ಲರೂ ಸೇರೋವರೆಗೆ ಕಾಯ್ತೀನಿ ಅಂದ್ರೆ ರಿಟೈರ್ ಆಗೋವರೆಗೆ ಕಾಯಬೇಕು.

ಬೆಂಗಳೂರಿಗೂ ಮೆಟಲ್‌ಗೂ ಹಳೇ ನಂಟು. ಕ್ರಿಪ್ಟೋಸ್ ಬ್ಯಾಂಡ್ ಇಲ್ಲಿ ಶುರುವಾಗಿದ್ದು 1998ರಲ್ಲಿ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿತು, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂತು. ಮನೆಯಲ್ಲಿ ಒಬ್ಬರೇ ಕೂತು ರೆಕಾರ್ಡ್ ಮಾಡೋದೂ ಹೊಸದಲ್ಲ. ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡಿನ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ ತಗೊಳ್ಳಿ. ಅದರ ವಾದ್ಯಗಳನ್ನೆಲ್ಲ ಫೆನ್ರಿಜ್ ಒಬ್ಬರೇ ನುಡಿಸಿ, ಬರೀ ನಾಲ್ಕು ಟ್ರ್ಯಾಕ್‌ಗಳ ಯಂತ್ರದಲ್ಲಿ ಹಿಡಿದಿಟ್ಟರು. ಇವತ್ತು ಲ್ಯಾಪ್‌ಟಾಪ್‌ನಲ್ಲಿ ನೂರು ಟ್ರ್ಯಾಕ್ ಹಾಕಬಹುದು. ತೊಂದರೆ ಶುರುವಾಗೋದೇ ಅಲ್ಲಿ.

ಪಕ್ಕದ ಮನೆಗೆ ಕೇಳಿಸದ ಗಿಟಾರ್

ಸಾಮಾನು ಹೆಚ್ಚು ಬೇಕಿಲ್ಲ. ಗಿಟಾರ್, ಬಾಸ್, ಒಂದು ಮೈಕು, ಒಳ್ಳೇ ಹೆಡ್‌ಫೋನ್, ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್. ರೀಪರ್ ಅನ್ನೋ ಸಾಫ್ಟ್‌ವೇರನ್ನು 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು. ದೊಡ್ಡ ಆಂಪ್ಲಿಫೈಯರ್ ಬದಲು ಅದರ ದನಿಯನ್ನು ನಕಲು ಮಾಡುವ ಆಂಪ್ ಸಿಮ್ಯುಲೇಟರ್‌ಗಳಿವೆ. ನ್ಯೂರಲ್ ಆಂಪ್ ಮಾಡೆಲರ್ ಅಂತೂ ಉಚಿತ. ನನ್ನ ಹೆಡ್‌ಫೋನ್‌ನಲ್ಲಿ ಗುಡುಗುತ್ತಿರುವ ಗಿಟಾರ್, ಗೋಡೆಯಾಚೆಯವರಿಗೆ ಬರೀ ತಂತಿ ಮಿಡಿದ ಟಿಣ್ ಟಿಣ್.

ಡ್ರಮ್ಸ್ ಪೂರ್ತಿ ಕಂಪ್ಯೂಟರಿನದು. ಪ್ರತಿ ಏಟಿಗೂ 1ರಿಂದ 127ರವರೆಗೆ ಒಂದು ಬಲ ಕೊಡಬಹುದು. ಎಲ್ಲಕ್ಕೂ 127 ಕೊಟ್ಟರೆ ಮೆಷಿನ್ ಗನ್ ಆಗುತ್ತೆ. ಮನುಷ್ಯನ ಎರಡು ಕೈ ಒಂದೇ ಸಮ ಹೊಡೆಯಲ್ಲ, ಆ ವ್ಯತ್ಯಾಸವನ್ನು ನಾವೇ ಕೂತು ಬರೀಬೇಕು.

ಹಾಡೋದಕ್ಕೆ ಮಾತ್ರ ಸಿಮ್ಯುಲೇಟರ್ ಇಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಲ್ಡಿಂಗಿನ ಎಲ್ಲ ಮನೆಯಲ್ಲೂ ಕುಕ್ಕರ್, ಮಿಕ್ಸಿ, ಟಿವಿ ಒಟ್ಟಿಗೆ ಶುರುವಾಗುತ್ತೆ. ಆಗ ಬಟ್ಟೆ ತುಂಬಿದ ಬೀರು ತೆಗೆದು, ಹಿಂದೆ ಹಾಸಿಗೆ ನಿಲ್ಲಿಸಿ, ಬೀರುವಿನ ಕಡೆ ಮುಖ ಮಾಡಿ ಕಿರುಚ್ತೀನಿ. ಕುಕ್ಕರ್ ಕೂಗಿದರೆ ಇನ್ನೊಂದು ಟೇಕ್.

ಜಾಗದ ಜಗಳ

ಮಿಕ್ಸಿಂಗ್ ಅಂದ್ರೆ ಸೇರಿಸೋದು ಅಂತ ಹೆಸರು. ಮಾಡೋ ಕೆಲಸ ಕಮ್ಮಿ ಮಾಡೋದು. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್, ಬಾಸ್‌ನ ದಪ್ಪ ತಂತಿ ಅದರ ಅರ್ಧ, 41. ಡ್ರಮ್ಸಿನ ಕಿಕ್ ಕೂಡ ಅಲ್ಲೇ ಸುತ್ತಮುತ್ತ. ಮೂರೂ ಒಂದೇ ಬಾಗಿಲಲ್ಲಿ ನುಗ್ಗಿದರೆ ಯಾವುದೂ ಒಳಗೆ ಬರಲ್ಲ, ಬರೀ ಗುಂಯ್ ಅನ್ನುತ್ತೆ. ಅದಕ್ಕೇ ಗಿಟಾರಿನಲ್ಲಿ 80–100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಬಾಸ್‌ಗೆ ಬಿಡ್ತೀವಿ. ಗಿಟಾರ್ ಒಂದನ್ನೇ ಕೇಳಿದರೆ ಬಡವಾಯ್ತು ಅನ್ಸುತ್ತೆ, ಎಲ್ಲದರ ಜೊತೆ ಕೇಳಿದರೆ ದೊಡ್ಡದಾಗಿರುತ್ತೆ.

ಅಗಲ ಬೇಕಾದರೆ ಒಂದೇ ರಿಫ್ಫನ್ನು ಎರಡು ಸಲ ನುಡಿಸಿ, ಒಂದನ್ನು ಎಡ ಕಿವಿಗೆ, ಇನ್ನೊಂದನ್ನು ಬಲಕ್ಕೆ ಹಾಕಬೇಕು. ಒಮ್ಮೆ ನುಡಿಸಿದ್ದನ್ನೇ ಕಾಪಿ ಪೇಸ್ಟ್ ಮಾಡಿದರೆ ದನಿ ನಡುವಲ್ಲೇ ಕೂರುತ್ತೆ. ಕೈಯ ಸಣ್ಣ ಹೆಚ್ಚುಕಮ್ಮಿಯೇ ಅಗಲ ಕೊಡೋದು. ಇಷ್ಟು ಸೊಗಸಾದ ವಿಷಯ ನನ್ನ ಇಂಜಿನಿಯರಿಂಗ್ ಸಿಲೆಬಸ್‌ನಲ್ಲಿ ಇರಲಿಲ್ಲ!

ದೊಡ್ಡ ಬ್ಯಾಂಡ್‌ಗಳಿಗೂ ಈ ಜಗಳ ಬಿಟ್ಟಿಲ್ಲ. ಮೆಟಾಲಿಕಾದ 1988ರ ‘...ಅಂಡ್ ಜಸ್ಟಿಸ್ ಫಾರ್ ಆಲ್’ ಕೇಳಿ. ಬಾಸ್ ಹುಡುಕಿದರೂ ಸಿಗಲ್ಲ. ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ್ದಾರೆ, ಆದರೆ ಮಿಕ್ಸ್‌ನಲ್ಲಿ ಅದನ್ನು ಅಷ್ಟು ಕೆಳಗಿಟ್ಟಿದ್ದಾರೆ. ಅಭಿಮಾನಿಗಳು ಇವತ್ತಿಗೂ ಅದನ್ನೇ ಮಾತಾಡ್ತಾರೆ. ಯಾವುದು ಕೇಳಿಸಬೇಕು ಅನ್ನೋದು ತಂತ್ರಜ್ಞಾನದ ಪ್ರಶ್ನೆ ಅಲ್ಲ, ತೀರ್ಮಾನದ ಪ್ರಶ್ನೆ.

ರೂಮು ಹೇಳುವ ಸುಳ್ಳು

ಮನೆಯಲ್ಲಿ ಮಿಕ್ಸ್ ಮಾಡುವವರ ದೊಡ್ಡ ಶತ್ರು ರೂಮೇ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ದನಿ ಹೋಗಿ ಬಂದು ನಿಂತುಬಿಡುತ್ತೆ. ರೂಮಿನ ನಡುವೆ ಕೂತರೆ ಅದು ಮಾಯ, ಗೋಡೆಗೆ ಒರಗಿದರೆ ಎದೆ ನಡುಗುತ್ತೆ. ಕಿಕ್ ಮತ್ತು ಬಾಸ್ ಇರೋದೂ ಅಲ್ಲೇ. ಹಾಗಾಗಿ ಅಲ್ಲಿ ಕೇಳಿದ್ದನ್ನು ನಂಬದೆ ಹೆಡ್‌ಫೋನ್, ಗೆಳೆಯನ ಕಾರು, ಕೊನೆಗೆ ಫೋನ್, ಎಲ್ಲದರಲ್ಲೂ ಕೇಳಿ ನೋಡ್ತೀನಿ.

ಫೋನಿನ ಪುಟ್ಟ ಸ್ಪೀಕರ್‌ಗೆ 41 ಹರ್ಟ್ಸ್ ನುಡಿಸೋ ತಾಕತ್ತಿಲ್ಲ. ಬಾಸ್‌ಗೆ ಸ್ವಲ್ಪ ಡಿಸ್ಟಾರ್ಷನ್ ಹಾಕಿದರೆ ಅದರ ಮೇಲಿನ ಸ್ವರಗಳು ಎದ್ದು ಬರುತ್ತವೆ, ಅವನ್ನು ಕೇಳಿ ನಮ್ಮ ಮೆದುಳೇ ಕೆಳಗಿನದನ್ನು ತುಂಬಿಕೊಳ್ಳುತ್ತೆ. ಮೆಟ್ರೊದಲ್ಲಿ ನಿಂತು ಹಾಡು ಕೇಳೋ ನಿಮ್ಮಂಥವರಿಗಾಗಿ ನಡೆಯುವ ಸಣ್ಣ ಮೋಸ ಇದು.

ಮಾತು ಕೇಳಿಸಬೇಕಾ?

ಮೆಟಲ್‌ನಲ್ಲಿ ದನಿಯನ್ನು ಗಿಟಾರಿನ ಗೋಡೆಯೊಳಗೆ ಹೂಳುವ ರೂಢಿಯೂ ಇದೆ. ಮಾತು ತಿಳಿಯದಿದ್ದರೆ ಪರವಾಗಿಲ್ಲ, ಅದೂ ಒಂದು ವಾದ್ಯ ಅಂತ. ಗ್ರೋಲ್ ಮಾಡೋಕೆ ಕನ್ನಡ ಬಹಳ ಅನುಕೂಲ. ನಮ್ಮ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ. ಮಳೆ, ಬೆಂಕಿ, ನೆರಳು, ಕೊನೆಯಕ್ಷರವನ್ನು ಉಸಿರಿರೋವರೆಗೆ ಎಳೆಯಬಹುದು. ಕಷ್ಟ ಇರೋದು ವ್ಯಂಜನದಲ್ಲಿ. ಗಂಟಲು ಗೊರಗೊರ ಅನ್ನುವಾಗ ಲ, ಳ ಎರಡೂ ಒಂದೇ. ಹೊಲವೋ ಹೊಳೆಯೋ ಗೊತ್ತಾಗಲ್ಲ.

ಆಲ್ಬಮ್ಮಿನ ನಾಲ್ಕನೇ ಹಾಡು ಸಾಗರದ ಹತ್ತಿರದ ನಮ್ಮ ಅಜ್ಜಿಮನೆಯದು. ಎರಡು ವರ್ಷದ ಹಿಂದೆ ಅದನ್ನು ಮಾರಿದೆವು. ತೊಟ್ಟಿಲು, ಕಡೆಗೋಲು, ತುಕ್ಕು ಹಿಡಿದ ಬೀಗ, ಕೊನೆಯ ದಿನ ಹೊರಗೆ ಸಾಗಿಸಿದ ಸಾಮಾನಿನ ಪಟ್ಟಿಯೇ ಹಾಡು. ಅಮ್ಮ ಹುಟ್ಟಿದ್ದು ಆ ಮನೆಯಲ್ಲಿ. ಊರಿಂದ ಬಂದಿದ್ದಾಗ ಕೇಳಿಸಿದೆ. ಪೂರ್ತಿ ಕೇಳಿ, ‘ಏನೋ ಸಿಟ್ಟು ಬಂದಿದೆ ನಿಂಗೆ ಅಂತ ಗೊತ್ತಾಯ್ತು. ಏನು ಹೇಳ್ತಿದೀಯ ಅಂತ ಗೊತ್ತಾಗ್ಲಿಲ್ಲ’ ಅಂದರು.

ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಇರೋದು 2ರಿಂದ 5 ಕಿಲೋಹರ್ಟ್ಸ್ ನಡುವೆ. ಗಿಟಾರಿನ ಕಚ್ಚುವ ಗುಣವೂ ಅಲ್ಲೇ. ಆ ಹಾಡಿಗೆ ದನಿ ಬಂದಾಗಲೆಲ್ಲ ಗಿಟಾರ್ ಅಲ್ಲಿ 3 ಡೆಸಿಬಲ್ ತಗ್ಗುವ ಹಾಗೆ ಮಾಡಿದೆ, ದನಿಯನ್ನು 2 ಡೆಸಿಬಲ್ ಏರಿಸಿದೆ. ಮೆಟಲ್ ಗೆಳೆಯರು ‘ದನಿ ಜಾಸ್ತಿ ಮುಂದಿದೆ’ ಅಂದರು. ಇರಲಿ ಬಿಟ್ಟೆ. ಅಮ್ಮ ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೊಟ್ಟಿಗೆ ವಿಷಯ ಬಿಟ್ಟಿದೀಯಲ್ಲೋ’ ಅಂದರು. ಮುಂದಿನ ಭಾನುವಾರ ಬೀರುವಿನ ಮುಂದೆ ನಿಂತು ಕೊಟ್ಟಿಗೆಗೆ ಒಂದು ಸಾಲು ಸೇರಿಸಿದೆ.

ಸಾಕು ಅನ್ನೋರು ಯಾರು?

ಕೊನೆಯ ಹಂತ ಮಾಸ್ಟರಿಂಗ್. ಇಲ್ಲಿ ಜೋರು ಮಾಡೋ ಆಸೆ ಹುಟ್ಟುತ್ತೆ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಎಷ್ಟು ಜೋರಾಗಿತ್ತು ಅಂದ್ರೆ ದನಿಯೇ ಒಡೆದಿತ್ತು. ಗಿಟಾರ್ ಹೀರೊ ವಿಡಿಯೊ ಗೇಮ್‌ನಲ್ಲಿ ಬಂದ ಅದೇ ಹಾಡುಗಳು ಇದಕ್ಕಿಂತ ಚೆನ್ನಾಗಿವೆ ಅಂತ ಅಭಿಮಾನಿಗಳು ದೂರಿದ್ದರು. ಈಗ ಜೋರು ಮಾಡಿ ಲಾಭವೂ ಇಲ್ಲ. ಕಿವಿಗೆ ಎಷ್ಟು ಜೋರು ಅನ್ಸುತ್ತೆ ಅಂತ ಅಳೆಯೋಕೆ ಎಲ್‌ಯುಎಫ್‌ಎಸ್ ಅನ್ನೋ ಮಾನ ಇದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಸ್ಪಾಟಿಫೈ ಹಾಡುಗಳನ್ನು ಸುಮಾರು ಮೈನಸ್ 14ಕ್ಕೆ ತಂದು ನುಡಿಸುತ್ತೆ. ನೀವು ಎಷ್ಟೇ ಹಿಂಡಿದರೂ ಅದು ತಗ್ಗಿಸುತ್ತೆ, ಹಿಂಡಿದ ಗಾಯ ಮಾತ್ರ ಉಳಿಯುತ್ತೆ.

ಒಬ್ಬರೇ ಮಾಡುವಾಗ ನಿಜವಾಗಿ ಇಲ್ಲದಿರೋದು ‘ಸಾಕು ಬಿಡೋ’ ಅನ್ನುವ ಇನ್ನೊಬ್ಬ. ಸಾಫ್ಟ್‌ವೇರ್‌ನವರಿಗೆ ಗೊತ್ತು, ರಿಲೀಸ್ ಡೇಟ್ ಇಲ್ಲದ ಕೆಲಸ ಮುಗಿಯಲ್ಲ. ಹಾಗಾಗಿ ತಾರೀಕು ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಇವತ್ತಿಂದ ಅಲ್ಲಿವರೆಗೆ ಹೊಸದೇನೂ ಸೇರಿಸೋ ಹಾಗಿಲ್ಲ, ತೆಗೆಯಬಹುದು.

ಕೇಳೋರು ಐವತ್ತು ಜನ ಸಿಗಬಹುದು. ಅಮ್ಮ ನಾಲ್ಕನೇ ಹಾಡೊಂದನ್ನೇ ಕೇಳ್ತಾರಂತೆ. ಸೋದರಮಾವನಿಗೂ ಕಳಿಸೋಕೆ ಹೇಳಿದ್ದಾರೆ.