ನವೆಂಬರ್‌ನ ಬ್ರಾಟಿಸ್ಲಾವಾ, ಜನವರಿಯ ಮೆಲ್ಬರ್ನ್

ಸ್ಲೋವಾಕ್ ಓಪನ್ ಎಂಬುದು ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ನಡೆಯುವ ವೃತ್ತಿಪರ ಟೆನಿಸ್ ಟೂರ್ನಿ. 2000ದಲ್ಲಿ ಶುರುವಾದ ಇದು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ರಾಷ್ಟ್ರೀಯ ಟೆನಿಸ್ ಕೇಂದ್ರದ ಒಳಾಂಗಣ ಹಾರ್ಡ್ ಕೋರ್ಟ್‌ನಲ್ಲಿ ನಡೆಯುತ್ತದೆ. ಈ ಅಂಗಣ ದೊಡ್ಡ ಪಂದ್ಯವನ್ನೂ ಕಂಡಿದೆ. 2005ರ ಡಿಸೆಂಬರ್‌ನಲ್ಲಿ ಡೇವಿಸ್ ಕಪ್ ಫೈನಲ್ ನಡೆದದ್ದು ಇಲ್ಲೇ. ಕ್ರೊಯೇಷ್ಯಾ ಅಂದು ಆತಿಥೇಯರನ್ನು 3–2ರಿಂದ ಮಣಿಸಿ ಮೊದಲ ಬಾರಿಗೆ ಆ ಕಪ್ ಗೆದ್ದಿತು.

ಸ್ಲೋವಾಕ್ ಓಪನ್‌ನ ಪುರುಷರ ವಿಭಾಗ ‘ಚಾಲೆಂಜರ್’ ದರ್ಜೆಗೆ ಸೇರಿದೆ. ಪುರುಷರ ಟೆನಿಸ್‌ನಲ್ಲಿ ಗ್ರ್ಯಾನ್‌ಸ್ಲಾಮ್ ಮತ್ತು ಎಟಿಪಿ ಟೂರ್ ಮೇಲಿನ ಮೆಟ್ಟಿಲು. ಅದರ ಕೆಳಗಿನದು ಚಾಲೆಂಜರ್. ಹೊಸಬರು ಕಾಲಿಡುವ ಐಟಿಎಫ್ ಟೂರ್ನಿಗಳು ಅದಕ್ಕೂ ಕೆಳಗೆ. ಚಾಲೆಂಜರ್‌ನಲ್ಲೂ ಒಳಭೇದಗಳಿವೆ. ಟೂರ್ನಿಯ ಮಟ್ಟ ನೋಡಿ ಚಾಂಪಿಯನ್‌ಗೆ 50, 75, 100, 125 ಅಥವಾ 175 ರ‍್ಯಾಂಕಿಂಗ್ ಅಂಕ ಸಿಗುತ್ತದೆ. ಗ್ರ್ಯಾನ್‌ಸ್ಲಾಮ್ ಗೆದ್ದವನಿಗೆ ಸಿಗುವುದು 2,000. ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 32 ಮಂದಿ ಆಡುತ್ತಾರೆ. ಪ್ರಶಸ್ತಿ ಬೇಕೆಂದರೆ ಒಂದೇ ವಾರದಲ್ಲಿ ಐದು ಪಂದ್ಯ ಗೆಲ್ಲಬೇಕು.

ಸೂರಿನಡಿಯಲ್ಲಿ ಆಡಿಸುವುದಕ್ಕೆ ಕಾರಣ ಸರಳ. ನವೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಚಳಿ ಬೇರೆ. ಆದರೆ ಸೂರು ಆಟವನ್ನೂ ಬದಲಿಸುತ್ತದೆ. ಸರ್ವ್‌ಗಾಗಿ ಮೇಲೆಸೆದ ಚೆಂಡು ಗಾಳಿಗೆ ವಾಲುವುದಿಲ್ಲ, ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಹಾಗಾಗಿ ಎತ್ತರದ, ಗಟ್ಟಿ ಸರ್ವ್‌ನ ಆಟಗಾರ ಮೊದಲ ಸರ್ವ್‌ನಲ್ಲೇ ಗೆರೆಯಂಚಿಗೆ ಗುರಿಯಿಡುವ ಧೈರ್ಯ ಮಾಡಬಹುದು. ರ‍್ಯಾಲಿಗಳು ಚಿಕ್ಕದಾಗುತ್ತವೆ, ಸೆಟ್‌ಗಳು ಟೈಬ್ರೇಕ್ ಕಡೆಗೆ ಸಾಗುತ್ತವೆ. ಆವೆಮಣ್ಣಿನ ಅಂಕಣದಲ್ಲಿ ತಾಳ್ಮೆಯಿಂದ ಗೆಲ್ಲುವವರಿಗೆ ಇಲ್ಲಿ ಕಷ್ಟ.

ಈ ಟೂರ್ನಿಯ ನಿಜವಾದ ಬಿಸಿ ಇರುವುದು ಕ್ಯಾಲೆಂಡರ್‌ನಲ್ಲಿ. ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್. ಅದರ 128 ಸ್ಥಾನಗಳಲ್ಲಿ ರ‍್ಯಾಂಕಿಂಗ್ ಮೂಲಕ ನೇರ ಪ್ರವೇಶ ಸುಮಾರು 104 ಮಂದಿಗೆ ಮಾತ್ರ. ಉಳಿದವು ಅರ್ಹತಾ ಸುತ್ತು ಗೆದ್ದವರಿಗೆ ಮತ್ತು ವೈಲ್ಡ್ ಕಾರ್ಡ್ ಪಡೆದವರಿಗೆ. ನೇರ ಪ್ರವೇಶದ ಪಟ್ಟಿ ಟೂರ್ನಿಗೆ ಆರು ವಾರ ಮೊದಲೇ, ಅಂದರೆ ಡಿಸೆಂಬರ್ ಆರಂಭದಲ್ಲಿ ಸಿದ್ಧವಾಗುತ್ತದೆ. ಗಳಿಸಿದ ಅಂಕ 52 ವಾರ ಮಾತ್ರ ಉಳಿಯುವುದರಿಂದ, ಹಿಂದಿನ ವರ್ಷ ಇದೇ ಹೊತ್ತಿಗೆ ಗಳಿಸಿದ್ದೂ ಈಗ ಕಳಚಿಹೋಗುತ್ತಿರುತ್ತದೆ. ಹೀಗಾಗಿ ರ‍್ಯಾಂಕಿಂಗ್‌ನಲ್ಲಿ 90ರಿಂದ 130ರ ನಡುವಿನ ಆಟಗಾರರಿಗೆ ಬ್ರಾಟಿಸ್ಲಾವಾದ ಕ್ವಾರ್ಟರ್‌ಫೈನಲ್ ಎಂದರೆ ಮೆಲ್ಬರ್ನ್ ಟಿಕೆಟ್‌ನ ಪಂದ್ಯ.

ಹಣದ ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತ ಸಿಂಗಲ್ಸ್ ಆಟಗಾರನಿಗೂ 1,20,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತ್ತು. ಚಾಲೆಂಜರ್ ಪ್ರಶಸ್ತಿ ಗೆದ್ದರೂ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ; ಕೋಚ್, ವಿಮಾನ, ಫಿಸಿಯೊ ಖರ್ಚು ಅದರಲ್ಲೇ. ಕಬ್ಬನ್ ಪಾರ್ಕ್‌ನ ಹೊರಾಂಗಣ ಅಂಕಣಗಳಲ್ಲಿ 2017ರ ಬೆಂಗಳೂರು ಚಾಲೆಂಜರ್ ಗೆದ್ದಿದ್ದ ಭಾರತದ ಸುಮಿತ್ ನಾಗಲ್ 2024ರ ಆ ಟೂರ್ನಿಯ ಹೊತ್ತಿಗೆ 137ನೇ ಸ್ಥಾನದಲ್ಲಿದ್ದರು. ನೇರ ಪ್ರವೇಶ ಸಿಗದೆ ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು ಒಳಬಂದ ಅವರು, ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ತಮ್ಮ ಬ್ಯಾಂಕ್ ಖಾತೆಯಲ್ಲಿ 900 ಯೂರೊ ಮಾತ್ರ ಉಳಿದಿದೆ ಎಂದು ಅವರೇ ಹೇಳಿಕೊಂಡಿದ್ದರು. ಈ ದರ್ಜೆಯ ಆಟಗಾರರ ಬದುಕು ಇಷ್ಟು ತೆಳುವಾದ ಅಂಚಿನಲ್ಲಿ ನಡೆಯುತ್ತದೆ.

ಬ್ರಾಟಿಸ್ಲಾವಾದ ವಿಜೇತರ ಪಟ್ಟಿಯಲ್ಲಿ ಸ್ಥಳೀಯರಿಗೂ ಜಾಗವಿದೆ. ನಾರ್ಬರ್ಟ್ ಗೊಂಬೋಸ್ 2016ರಲ್ಲಿ, ಲುಕಾಶ್ ಲಾಟ್ಸ್ಕೊ 2017ರಲ್ಲಿ ತವರಿನ ಪ್ರೇಕ್ಷಕರ ಮುಂದೆ ಗೆದ್ದರು. ಆದರೆ ಈ ದರ್ಜೆ ಯಾಕಿದೆ ಎಂಬುದಕ್ಕೆ ಚೆನ್ನಾದ ಉದಾಹರಣೆ ನೆದರ್ಲೆಂಡ್ಸ್‌ನ ಟಾಲನ್ ಗ್ರೀಕ್‌ಸ್ಪೂರ್. 2021ರಲ್ಲಿ ಅವರು ಎಂಟು ಚಾಲೆಂಜರ್ ಪ್ರಶಸ್ತಿ ಗೆದ್ದು ಒಂದೇ ಋತುವಿನ ದಾಖಲೆ ಬರೆದರು. ಅದರಲ್ಲಿ ಬ್ರಾಟಿಸ್ಲಾವಾವೂ ಒಂದು. ಆ ವರ್ಷವೇ ಅವರು ಮೊದಲ ನೂರರೊಳಗೆ ಬಂದರು. 2023ರ ಜನವರಿಯಲ್ಲಿ ಅವರ ಮೊದಲ ಎಟಿಪಿ ಟೂರ್ ಪ್ರಶಸ್ತಿ ಬಂದದ್ದು ಭಾರತದಲ್ಲಿ, ಪುಣೆಯ ಮಹಾರಾಷ್ಟ್ರ ಓಪನ್‌ನಲ್ಲಿ.